ದಿನಾ ಉಡುವ ಕಿಲ್ಟ್: ಕೆಲಸ ಎಲ್ಲಿಗೆ ಬಂತು

ನಾನೇ ಹೊಲಿಯುತ್ತಿರುವ ಕಿಲ್ಟ್ (ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ, ಮಂಡಿಯವರೆಗಿನ ನೆರಿಗೆಯ ಬಟ್ಟೆ) ಈಗ ಉಡುವ ಹದಕ್ಕೆ ಬಂದಿದೆ. ಲೈನಿಂಗ್ ಅರ್ಧ ಬಾಕಿ ಇದೆ. ಎಡಗಡೆಯ ಬಕಲ್ ಇನ್ನೂ ಕಚ್ಚಾ ಹೊಲಿಗೆಯಲ್ಲೇ ನಿಂತಿದೆ. ಆದರೂ ಅದನ್ನು ಉಟ್ಟುಕೊಂಡು ಆಫೀಸಿಗೆ ಹೋಗಲು ಶುರು ಮಾಡಿದ್ದೇನೆ. ಕೆಲವರು ಕೇಳಿದ್ದರಿಂದ ಇಲ್ಲಿಯವರೆಗಿನ ಕೆಲಸವನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ.

ನಾನು ಪುತ್ತೂರು ಕಡೆಯವನು, ಕೆಲಸ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಈ ಊರಿಗೆ ಕಿಲ್ಟ್ ಹೊಸದೇನಲ್ಲ. ಶನಿವಾರ ಸಂಜೆ ಮದುವೆ ಮುಗಿಸಿ ಬರುವ ಗಂಡಸರು ಉಟ್ಟಿರುತ್ತಾರೆ. ಫುಟ್‌ಬಾಲ್, ರಗ್ಬಿ ಪಂದ್ಯದ ದಿನ ಬೀದಿ ತುಂಬಾ ಕಿಲ್ಟ್. ಬುಕ್ಯಾನನ್ ಸ್ಟ್ರೀಟಿನಲ್ಲಿ ಬ್ಯಾಗ್‌ಪೈಪ್ ಊದುವವರಂತೂ ಅದಿಲ್ಲದೆ ನಿಲ್ಲುವುದೇ ಇಲ್ಲ. ಆದರೆ ಮಂಗಳವಾರ ಬೆಳಿಗ್ಗೆ ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ, ಆಫೀಸಿನ ಮೀಟಿಂಗಿನಲ್ಲಿ ಕಿಲ್ಟ್ ಕಾಣುವುದು ಬಹಳ ಕಡಿಮೆ. ನನಗೆ ಬೇಕಾದದ್ದು ಆ ಮಂಗಳವಾರದ ಕಿಲ್ಟ್. ಬಟ್ಟೆ, ನೆರಿಗೆ, ಜೇಬು, ಎಲ್ಲವನ್ನೂ ಅದೊಂದೇ ಲೆಕ್ಕದಲ್ಲಿ ಆರಿಸಿಕೊಂಡು ಬಂದಿದ್ದೇನೆ.

ಅಕ್ಟೋಬರ್: ಬಟ್ಟೆ

ಇಲ್ಲಿ ಪೂರ್ಣ ಕಿಲ್ಟ್ ಅಂದರೆ 8 ಗಜ ಬಟ್ಟೆ. ಅಗಲ ಪನ್ನಾದ ಉಣ್ಣೆ ಬಟ್ಟೆ 4 ಗಜ ತೆಗೆದುಕೊಂಡು, ಉದ್ದಕ್ಕೆ ಎರಡು ಮಾಡಿ ಜೋಡಿಸುತ್ತಾರೆ. ಹಿಂದೆ ಸುಮಾರು 25ರಿಂದ 30 ನೆರಿಗೆ ಬರುತ್ತದೆ. ನಡೆದಾಗ ಅದು ಬೀಸುವ ಚೆಂದವೇ ಬೇರೆ, ಒಪ್ಪುತ್ತೇನೆ. ಆದರೆ ಬಸ್ಸಿನ ಸೀಟಿನಲ್ಲಿ ಕೂತರೆ ಅಷ್ಟೂ ಬಟ್ಟೆ ಅಡಿಯಲ್ಲಿ ರಾಶಿ ಬೀಳುತ್ತದೆ. ಬಿಸಿ ಮಾಡಿದ ಆಫೀಸಿನೊಳಗೆ ಮಧ್ಯಾಹ್ನದ ಹೊತ್ತಿಗೆ ಬೆವರು.

ಹಾಗಾಗಿ 4 ಗಜದ ಕಿಲ್ಟ್ ಹೊಲಿಯಲು ತೀರ್ಮಾನಿಸಿದೆ. ಇದು ನಾನು ಕಂಡುಹಿಡಿದ ಅಡ್ಡದಾರಿ ಅಲ್ಲ. 1790ರ ದಶಕದಲ್ಲಿ ನೆರಿಗೆ ಹೊಲಿದ ಕಿಲ್ಟ್ ಬಂದಾಗ ಅದಕ್ಕೆ ಹೋಗುತ್ತಿದ್ದದ್ದೇ ಸುಮಾರು 4 ಗಜ. ಬಟ್ಟೆ ಜಾಸ್ತಿ ಆಗುತ್ತಾ ಹೋದದ್ದು 19ನೇ ಶತಮಾನದಲ್ಲಿ.

ತೂಕದಲ್ಲಿ ಮಾತ್ರ ಕಡಿಮೆ ಮಾಡಲಿಲ್ಲ. ಗಜಕ್ಕೆ 13 ಔನ್ಸ್ ತೂಗುವ ಬಟ್ಟೆಯೂ ಸಿಗುತ್ತದೆ, ಬೆಲೆ ಸ್ವಲ್ಪ ಕಡಿಮೆ. ನಾನು ತೆಗೆದುಕೊಂಡದ್ದು 16 ಔನ್ಸಿನದು. ಇದು ಗಾಳಿಯ ಊರು. ಭಾರದ ಬಟ್ಟೆ ಕೆಳಗೆ ಜಗ್ಗಿ ನಿಲ್ಲುತ್ತದೆ, ನೆರಿಗೆಯನ್ನೂ ಬಿಡುವುದಿಲ್ಲ.

ಇನ್ನು ಬಣ್ಣ. ಸುಲಭವಾಗಿ ಸಿಗುವುದು ಬ್ಲ್ಯಾಕ್ ವಾಚ್. ಕಪ್ಪು, ಹಸಿರು, ನೀಲಿ ಸೇರಿದ ಚೌಕುಳಿ. ಇಲ್ಲಿ ಮನೆತನಗಳಿಗೆ ತಮ್ಮತಮ್ಮದೇ ಚೌಕುಳಿ ಇರುತ್ತದೆ, ಇದು ಮಾತ್ರ ಯಾವ ಮನೆತನದವರೂ ಉಡಬಹುದಾದದ್ದು. ಅಂಗಡಿಯವರೂ ಅದನ್ನೇ ಮುಂದೆ ಇಟ್ಟರು. ನನಗೆ ಕೈ ಮುಂದಾಗಲಿಲ್ಲ. ಅದೇ ಹೆಸರಿನ ಬ್ರಿಟಿಷ್ ಸೇನಾ ದಳದ ಯುದ್ಧ ಗೌರವಗಳ ಪಟ್ಟಿಯಲ್ಲಿ ಮಂಗಳೂರಿನ ಹೆಸರಿದೆ. 1783ರಲ್ಲಿ ಟಿಪ್ಪು ಸುಲ್ತಾನ್ ಮಂಗಳೂರಿನ ಕೋಟೆಯನ್ನು ಮುತ್ತಿದಾಗ ಒಳಗಿದ್ದ ಕಂಪನಿ ಪಡೆಯಲ್ಲಿ ಈ ದಳದ ಎರಡನೇ ಬೆಟಾಲಿಯನ್ ಇತ್ತು. 1784ರ ಜನವರಿಯಲ್ಲಿ ಕೋಟೆ ಬಿಟ್ಟುಕೊಟ್ಟರು. ಪಟ್ಟಿಯಲ್ಲಿ ಶ್ರೀರಂಗಪಟ್ಟಣವೂ ಇದೆ. ಅದನ್ನು ಉಡುವವರ ಮೇಲೆ ನನ್ನ ತಕರಾರಿಲ್ಲ. ನನ್ನೂರಿನ ಹತ್ತಿರದ ಕೋಟೆಯ ನೆನಪನ್ನು ದಿನಾ ಸೊಂಟಕ್ಕೆ ಸುತ್ತಿಕೊಳ್ಳುವುದು ನನಗೆ ಬೇಡವಾಗಿತ್ತು, ಅಷ್ಟೇ.

ಕೊನೆಗೆ ಚೌಕುಳಿಯೇ ಬೇಡ ಅಂತ ಸಾದಾ ಬೂದು ಬಟ್ಟೆ ತಂದೆ. ಟ್ವೀಡ್ ಎಂಬ ದಪ್ಪ ಉಣ್ಣೆ ಬಟ್ಟೆಯನ್ನೂ ನೋಡಿದೆ, ಆದರೆ ಅಂಚು ಒರಟು. ಕಿಲ್ಟಿನ ಕೆಳಗಡೆ ಮಡಚಿ ಹೊಲಿಯುವುದಿಲ್ಲ. ನೇಯ್ಗೆಯ ಅಂಚೇ ಕೊನೆ. ಮಡಚಿದರೆ ಪ್ರತಿ ನೆರಿಗೆಯ ತುದಿಯೂ ದಪ್ಪವಾಗಿ ಉಬ್ಬುತ್ತದೆ. ಅದಕ್ಕೆ ಕಿಲ್ಟಿಗೆಂದೇ ನೇಯ್ದ ಬಟ್ಟೆಯನ್ನೇ ಹುಡುಕಬೇಕು. ಅಗಲ ಪನ್ನಾದ್ದು 2 ಗಜ ಸಾಕಾಯಿತು. ಮಧ್ಯದಲ್ಲಿ ಕತ್ತರಿಯಿಂದ ಚೂರು ಸೀಳಿ ಕೈಯಲ್ಲೇ ಹರಿಯುವುದು. ಆಗ ಅದು ನೂಲಿನ ಸಾಲಿನಲ್ಲೇ ನೇರವಾಗಿ ಹೋಗುತ್ತದೆ. ಎರಡೂ ತುಂಡಿಗೆ ಒಂದೊಂದು ಒಳ್ಳೆಯ ಅಂಚು ಸಿಕ್ಕಿತು. ಜೋಡಿಸಿದ ಹೊಲಿಗೆ ಒಂದು ನೆರಿಗೆಯ ಒಳಗೆ ಅಡಗಿದೆ.

ನವೆಂಬರ್, ಡಿಸೆಂಬರ್: ನೆರಿಗೆ

ಈ ಕೆಲಸದ ಜೀವ ಇರುವುದೇ ಇಲ್ಲಿ. ಸಂಜೆ ನಾಲ್ಕಕ್ಕೆ ಕತ್ತಲಾಗುವ ತಿಂಗಳುಗಳು, ಕೂತು ಕೈಹೊಲಿಗೆ ಹಾಕಲು ಒಳ್ಳೆಯ ಕಾಲ.

ಚೌಕುಳಿ ಬಟ್ಟೆಯಲ್ಲಿ ಗೆರೆಗಳೇ ದಾರಿ ತೋರಿಸುತ್ತವೆ. ಯಾವ ಗೆರೆ ಮೇಲೆ ಬರಬೇಕು ಅಂತ ಒಮ್ಮೆ ನಿರ್ಧರಿಸಿದರೆ ಮಡಿಕೆಯ ಆಳ ತಾನಾಗಿ ಗೊತ್ತಾಗುತ್ತದೆ. ಸಾದಾ ಬಟ್ಟೆಯಲ್ಲಿ ಆ ಅನುಕೂಲ ಇಲ್ಲ, ಪ್ರತಿ ಗೆರೆಯನ್ನೂ ಚಾಕ್ ಹಿಡಿದು ಎಳೆಯಬೇಕು. ನನ್ನ ಸೊಂಟ 34 ಇಂಚು, ಪೃಷ್ಠದ ಸುತ್ತಳತೆ 40. ಅದರ ಅರ್ಧ, ಅಂದರೆ 20 ಇಂಚು, ಹಿಂಭಾಗದ ನೆರಿಗೆಗೆ. ಎಂಟು ಬಾಕ್ಸ್ ನೆರಿಗೆ (ಎರಡೂ ಬದಿ ಒಳಕ್ಕೆ ಮಡಚಿದ ಸಪಾಟು ನೆರಿಗೆ) ಇಟ್ಟರೆ ಒಂದೊಂದು ಎರಡೂವರೆ ಇಂಚು ಕಾಣುತ್ತದೆ. ಸೊಂಟದ ಹತ್ತಿರ ಅದೇ ಎಂಟು ನೆರಿಗೆ 17 ಇಂಚಿಗೆ ಇಳಿಯಬೇಕು. ಒಂದೊಂದಕ್ಕೂ ಎರಡು ಇಂಚಿನ ಮೇಲೆ ಚೂರೇ ಚೂರು. ಮೇಲಕ್ಕೆ ಹೋಗುತ್ತಾ ಸಣ್ಣಗಾಗುವ ಈ ಇಳಿಜಾರು ಎಂಟರಲ್ಲೂ ಒಂದೇ ಸಮ ಇರಬೇಕು. ಒಂದು ನೂಲು ಆಚೀಚೆ ಆದರೂ ಸಾದಾ ಬೂದು ಬಣ್ಣ ಅದನ್ನು ಎತ್ತಿ ತೋರಿಸುತ್ತದೆ.

ನೆರಿಗೆಗಳನ್ನು ಸೊಂಟದಿಂದ ಪೃಷ್ಠದವರೆಗೆ ಮಾತ್ರ ಹೊಲಿಯುವುದು. ಹೊಲಿಗೆ ಹೊರಗೆ ಕಾಣಬಾರದು. ಸೂಜಿ ಮಡಿಕೆಯೊಳಗೇ ಹೋಗಿ ಮಡಿಕೆಯೊಳಗೇ ಬರಬೇಕು. ಕೆಳಗೆ ಬಿಟ್ಟ ಭಾಗಕ್ಕೆ ಕಚ್ಚಾ ಹೊಲಿಗೆ ಹಾಕಿ, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿ ಇಟ್ಟಿದ್ದೆ. ಆ ಕಚ್ಚಾ ಹೊಲಿಗೆಯನ್ನು ತಿಂಗಳುಗಟ್ಟಲೆ ಬಿಚ್ಚಲಿಲ್ಲ. ಉಣ್ಣೆಗೆ ಮಡಿಕೆ ಕಲಿಯಲು ಸಮಯ ಬೇಕು. ಒಳಗಡೆ ದಪ್ಪ ಕ್ಯಾನ್ವಾಸ್ ಪಟ್ಟಿ ಕೂಡ ಕೊಟ್ಟಿದ್ದೇನೆ, ನೆರಿಗೆಯ ಭಾರ ಬಟ್ಟೆಯನ್ನು ಜಗ್ಗದಿರಲಿ ಅಂತ.

ಜನವರಿ: ಅಪ್ಪನ ಜೊತೆ ಮಾತು

ಅಪ್ಪ ತೋಟಕ್ಕೆ ಲುಂಗಿ, ಪೇಟೆಗೆ ಬಿಳಿ ಮುಂಡು ಉಟ್ಟೇ ಬದುಕಿದವರು. ವಿಡಿಯೋ ಕಾಲ್‌ನಲ್ಲಿ ನೆರಿಗೆ ತೋರಿಸಿದೆ.

"ಇಷ್ಟೆಲ್ಲ ಹೊಲಿಗೆ ಯಾಕೆ ಮಾರಾಯ? ಸುತ್ತಿಕೊಂಡ್ರೆ ಸಾಕಾಗುದಿಲ್ವಾ?"

"ಇಲ್ಲಿಯೂ ಮೊದ್ಲು ಸುತ್ತಿಕೊಳ್ಳುದೇ ಇದ್ದದ್ದು ಅಪ್ಪ."

ಅಪ್ಪನಿಗೆ ಆ ಕಥೆ ಬಹಳ ಹಿಡಿಸಿತು. 16ನೇ ಶತಮಾನದ ಕೊನೆಯಿಂದ ಹೈಲ್ಯಾಂಡ್ ಗುಡ್ಡಗಾಡಿನವರು ಉಡುತ್ತಿದ್ದದ್ದು ಹೊಲಿಗೆಯೇ ಇಲ್ಲದ ದೊಡ್ಡ ಕಿಲ್ಟ್. ಉದ್ದದ ಉಣ್ಣೆ ಬಟ್ಟೆಯನ್ನು ಸೊಂಟದಲ್ಲಿ ನೆರಿಗೆ ಹಿಡಿದು ಬೆಲ್ಟ್ ಬಿಗಿಯುವುದು, ಉಳಿದದ್ದನ್ನು ಹೆಗಲಿಗೆ ಎಸೆಯುವುದು. ಮಳೆಗೆ ಅದೇ ತಲೆಗೆ, ರಾತ್ರಿ ಅದೇ ಕಂಬಳಿ. ಕೆಳಗಿನ ಅರ್ಧ ಮಾತ್ರ ಉಳಿಸಿಕೊಂಡ ಚಿಕ್ಕ ಕಿಲ್ಟ್ ಬಂದದ್ದು 18ನೇ ಶತಮಾನದಲ್ಲಿ.

ಆಮೇಲೆ ನಿಷೇಧ. ಬ್ರಿಟಿಷ್ ಸರ್ಕಾರದ 1746ರ ಕಾನೂನು, ಜಾರಿಗೆ ಬಂದದ್ದು 1747ರ ಆಗಸ್ಟ್‌ನಲ್ಲಿ. ಗಂಡಸರು, ಹುಡುಗರು ಕಿಲ್ಟ್ ಉಟ್ಟರೆ ಆರು ತಿಂಗಳು ಜೈಲು. ಮತ್ತೆ ಸಿಕ್ಕಿಬಿದ್ದರೆ ಏಳು ವರ್ಷ ಸಮುದ್ರದಾಚೆ ಗಡೀಪಾರು. ಸೈನ್ಯದಲ್ಲಿದ್ದವರಿಗೆ ಮಾತ್ರ ವಿನಾಯಿತಿ. 1782ರಲ್ಲಿ ಕಾನೂನು ತೆಗೆದರು. ಅಷ್ಟರಲ್ಲಿ ಒಂದು ತಲೆಮಾರು ಪ್ಯಾಂಟಿನಲ್ಲೇ ಬೆಳೆದಾಗಿತ್ತು. 1822ರಲ್ಲಿ ನಾಲ್ಕನೇ ಜಾರ್ಜ್ ರಾಜ ಎಡಿನ್‌ಬರಾಕ್ಕೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಮುಂದೆ ನಿಂತು ಎಲ್ಲೆಲ್ಲೂ ಕಿಲ್ಟ್ ಕಾಣುವಂತೆ ಮಾಡಿದರು. ರಾಜನೂ ಉಟ್ಟ. ಆದರೆ ಅದು ಮೆರವಣಿಗೆಯ ಬಟ್ಟೆ. ದನ ಕಾಯಲು, ಸಂತೆಗೆ ಹೋಗಲು ಉಡುತ್ತಿದ್ದದ್ದು ಆ ಮೆರವಣಿಗೆಯೊಂದಿಗೆ ವಾಪಸ್ ಬರಲಿಲ್ಲ. ನನಗೆ ಈ ಇಡೀ ಚರಿತ್ರೆಯಲ್ಲಿ ನೋವಾಗುವುದು ಈ ಜಾಗದಲ್ಲೇ.

ನಮ್ಮಲ್ಲಿ ಯಾರೂ ಪಂಚೆಯನ್ನು ನಿಷೇಧಿಸಲಿಲ್ಲ. ಎಚ್.ಡಿ. ದೇವೇಗೌಡರು 1996ರಲ್ಲಿ ಪಂಚೆಯಲ್ಲೇ ಪ್ರಧಾನಿಯಾದರು. ಸಿದ್ದರಾಮಯ್ಯನವರು ವಿಧಾನಸೌಧಕ್ಕೆ ಹೋಗುವುದೂ ಪಂಚೆಯಲ್ಲೇ. ಅದೇ ಬೆಂಗಳೂರಿನಲ್ಲಿ 2024ರ ಜುಲೈನಲ್ಲಿ ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ರೈತರೊಬ್ಬರನ್ನು, ಪಂಚೆ ಉಟ್ಟಿದ್ದಾರೆ ಅಂತ ಮಾಲಿನ ಬಾಗಿಲಲ್ಲೇ ತಡೆದರು. ವಿಧಾನಸಭೆಯಲ್ಲಿ ಮಾತಾಯಿತು, ಸರ್ಕಾರ ಏಳು ದಿನ ಮಾಲ್ ಮುಚ್ಚಿಸುವುದಾಗಿ ಹೇಳಿತು. ಚೆನ್ನೈಯಲ್ಲಿ 2014ರಲ್ಲಿ ವೇಷ್ಟಿ ಉಟ್ಟ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರನ್ನೇ ಕ್ಲಬ್ಬಿನೊಳಗೆ ಬಿಡಲಿಲ್ಲ. ತಮಿಳುನಾಡು ಅದೇ ವರ್ಷ ಕಾನೂನು ತಂದಿತು: ವೇಷ್ಟಿಗೆ ಅಡ್ಡಿ ಮಾಡಿದರೆ ಒಂದು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಒಳ್ಳೆಯ ಕಾನೂನು, ಕರ್ನಾಟಕಕ್ಕೂ ಬೇಕು. ಆದರೆ ನನ್ನ ವಯಸ್ಸಿನ ಎಷ್ಟು ಜನ ಬ್ಯಾಂಕಿಗೆ, ಆಫೀಸಿಗೆ ಪಂಚೆ ಉಟ್ಟು ಹೋಗುತ್ತೇವೆ? ಮದುವೆಗೆ ಉಡುತ್ತೇವೆ, ಕಾಲೇಜಿನ ಎಥ್ನಿಕ್ ಡೇಗೆ ಉಡುತ್ತೇವೆ. ಬಾಗಿಲಲ್ಲಿ ನಿಂತ ಕಾವಲುಗಾರನಿಗೆ ಪಂಚೆ ವಿಚಿತ್ರವಾಗಿ ಕಂಡದ್ದರಲ್ಲಿ ನಮ್ಮ ಪಾಲೂ ಇದೆ ಅಲ್ವಾ?

ಮಾರ್ಚ್: ಪಟ್ಟಿ, ಬಕಲ್, ಜೇಬು

ಮುಂಭಾಗದ ಎರಡು ಸಪಾಟು ಹಾಳೆಗಳು ಬೇಗ ಮುಗಿದವು. ಮೇಲಿನ ಹಾಳೆ ಬಲಗಡೆಗೆ ಬಂದು ಬಕಲ್ ಆಗುತ್ತದೆ. ಒಳಗಿನದರ ಚರ್ಮದ ಪಟ್ಟಿ ಎಡಗಡೆಯ ಒಂದು ಸೀಳಿನಿಂದ ಹೊರಗೆ ಬಂದು ಅಲ್ಲಿ ಬಿಗಿಯುತ್ತದೆ. ಪ್ಯಾಂಟಿನ ಹಾಗೆ ಕೆಳಗಿಳಿಸಿ ಕಟ್ಟುವಂತಿಲ್ಲ, ಹೊಕ್ಕುಳ ಮಟ್ಟದಲ್ಲಿ ನಿಲ್ಲಬೇಕು. ಆಗಲೇ ಅಂಚು ಮಂಡಿಯ ನಡುವಿಗೆ ಸರಿಯಾಗಿ ಬರುತ್ತದೆ.

ಜೇಬಿಗೆ ಜಾಸ್ತಿ ಯೋಚನೆ ಬೇಕಾಯಿತು. ಸಾಂಪ್ರದಾಯಿಕ ಕಿಲ್ಟಿಗೆ ಜೇಬಿಲ್ಲ, ಮುಂದೆ ನೇತಾಡುವ ಸ್ಪೋರನ್ ಎಂಬ ಚರ್ಮದ ಚೀಲವೇ ಎಲ್ಲ. ಸಿಯಾಟಲ್‌ನಲ್ಲಿ 2000ದಲ್ಲಿ ಶುರುವಾದ ಯುಟಿಲಿಕಿಲ್ಟ್ಸ್ ದೊಡ್ಡ ಜೇಬುಗಳ ಹತ್ತಿ ಕಿಲ್ಟ್ ಮಾಡಿತು. ಎಡಿನ್‌ಬರಾದ ಹೌವಿ ನಿಕಲ್ಸ್‌ಬಿ ಡೆನಿಮ್, ಟ್ವೀಡ್‌ಗಳಲ್ಲಿ ಕಿಲ್ಟ್ ಹೊಲಿಯುತ್ತಾ ಬಂದಿದ್ದಾರೆ, ಜೇಬೂ ಇಡುತ್ತಾರೆ. ದಿನದ ಬಟ್ಟೆಯಾಗಬೇಕಾದರೆ ಜೇಬು ಬೇಕು ಅಂತ ಇಬ್ಬರಿಗೂ ಹೊಳೆದಿದೆ. ನಾನು ಎರಡೂ ಬದಿಯ ಮೊದಲ ನೆರಿಗೆಯೊಳಗೆ ಒಂದೊಂದು ತೆಳು ಜೇಬು ಇಟ್ಟೆ. ಬಸ್ ಕಾರ್ಡು, ಕರವಸ್ತ್ರ ಆರಾಮವಾಗಿ ಕೂರುತ್ತದೆ. ಫೋನು, ಬೀಗದ ಕೈ ಸಾದಾ ಕಂದು ಸ್ಪೋರನ್ನಿಗೆ.

ಏಪ್ರಿಲ್, ಮೇ: ಬೀದಿಯಲ್ಲಿ

ಕೆಲಸದ ದಿನಗಳಲ್ಲಿ ಉಡುತ್ತಿದ್ದೇನೆ. ಮೇಲೆ ಸ್ವೆಟರ್, ಕೆಳಗೆ ಉದ್ದ ಉಣ್ಣೆ ಸಾಕ್ಸ್, ದಿನಾ ಹಾಕುವ ಬೂಟು. ಕೋಟು, ಬೋ ಟೈ, ಕಾಲ್ಚೀಲದಲ್ಲಿ ಸಿಗಿಸುವ ಚಾಕು, ಯಾವುದೂ ಬೇಡ. ಕೂರುವಾಗ ಹಿಂಗೈಯಿಂದ ನೆರಿಗೆ ಸವರಿ ಕೂರುವುದು ಲುಂಗಿ ಉಟ್ಟು ಬೆಳೆದ ನನಗೆ ಕಲಿಯಬೇಕಾಗಿರಲಿಲ್ಲ. ಸಬ್‌ವೇಯಲ್ಲಿ ರೈಲು ಬರುವ ಮುಂಚೆ ಸುರಂಗದಿಂದ ಗಾಳಿ ನುಗ್ಗುತ್ತದೆ. 16 ಔನ್ಸಿನ ಬಟ್ಟೆ ಅದಕ್ಕೆ ಜಗ್ಗಲಿಲ್ಲ. ಮಳೆಹನಿ ಉಣ್ಣೆಯ ಮೇಲೆ ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತದೆ, ಕೊಡವಿದರೆ ಹೋಗುತ್ತದೆ.

ಜನ? ಎಲ್ಲರೂ ಕೇಳುವುದು ಒಂದೇ: "ಇವತ್ತು ಯಾರ ಮದುವೆ?" ಊರಿನಲ್ಲಿ ಮುಂಡು ಉಟ್ಟು ಬ್ಯಾಂಕಿಗೆ ಹೋದರೆ "ಏನು ವಿಶೇಷ?" ಅಂತ ಕೇಳುತ್ತಾರಲ್ಲ, ಹಾಗೆಯೇ. ವಿಶೇಷ ಏನೂ ಇಲ್ಲ ಅಂತ ನಿಜವನ್ನೇ ಹೇಳುತ್ತೇನೆ. ಕೆಲವರು ಚೌಕುಳಿ ಇಲ್ಲ ಅನ್ನುವುದನ್ನು ಗಮನಿಸಿ, ಇದು ಕಿಲ್ಟೋ ಸ್ಕರ್ಟೋ ಅಂತ ಕೇಳಿದ್ದಾರೆ. ಏನು ಬೇಕಾದರೂ ಅನ್ನಲಿ. ಗಂಡಸು ಸ್ಕರ್ಟ್ ಉಡಲು ಚೌಕುಳಿಯ ರಕ್ಷಣೆ ಬೇಕು ಅಂತ ನನಗೆ ಅನಿಸುವುದಿಲ್ಲ.

ಕೆಳಗೆ ಏನು ಹಾಕಿದ್ದೀಯ ಅನ್ನುವ ಪ್ರಶ್ನೆಗೆ ಮಾತ್ರ ನಾನು ನಗುವುದಿಲ್ಲ. ಕುಡಿದವರು ಕಿಲ್ಟ್ ಎತ್ತಲು ಕೈ ಹಾಕುವುದನ್ನು ಇಲ್ಲಿ ತಮಾಷೆ ಅಂದುಕೊಂಡವರು ಇದ್ದಾರೆ. ಹೆಂಗಸರ ಲಂಗಕ್ಕೆ ಕೈ ಹಾಕುವುದು ಹೇಗೆ ತಪ್ಪೋ ಇದೂ ಹಾಗೇ ತಪ್ಪು. ದಿನಾ ಕಿಲ್ಟ್ ಉಡುವವರು ಹೆಚ್ಚಾದರೆ ಈ ಪ್ರಶ್ನೆ ಹಳಸುತ್ತದೆ ಅನ್ನುವುದು ನನ್ನ ನಂಬಿಕೆ.

ಸ್ನೇಹಿತರೊಬ್ಬರು ಸ್ಟಾಕ್‌ಹೋಮಿನ ಉದಾಹರಣೆ ಕೊಟ್ಟರು. 2013ರ ಬೇಸಿಗೆಯಲ್ಲಿ ಅಲ್ಲಿನ ಲೋಕಲ್ ರೈಲಿನ ಗಂಡು ಸಿಬ್ಬಂದಿ, ಚಡ್ಡಿಗೆ ಅನುಮತಿ ಇಲ್ಲದ್ದಕ್ಕೆ ಸ್ಕರ್ಟ್ ಹಾಕಿ ಕೆಲಸ ಮಾಡಿದರು. 2017ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನ ಶಾಲೆಯೊಂದರ ಹುಡುಗರೂ ಹಾಗೇ ಮಾಡಿದರು. ಧೈರ್ಯದ ಕೆಲಸ. ಆದರೆ ಅವರಿಗೆ ಬೇಕಿದ್ದದ್ದು ಚಡ್ಡಿ. ನನಗೆ ಬೇಕಾದದ್ದು ಇದೇ ಬಟ್ಟೆ.

ಮುಂದೆ

ಲೈನಿಂಗ್ ಮುಗಿಸಬೇಕು, ಎಡ ಬಕಲ್ ಗಟ್ಟಿ ಹೊಲಿಯಬೇಕು. ಆಮೇಲೆ ಬೇಸಿಗೆಗೆ ಒಂದು ಹತ್ತಿಯ ಕಿಲ್ಟ್. ಹೆಗ್ಗೋಡಿನ ಚರಕ ಸಂಸ್ಥೆಯ ಕೈಮಗ್ಗದ ಬಟ್ಟೆಯನ್ನು ಅಕ್ಕ ಬರುವಾಗ ತರುತ್ತಾಳೆ. ಹತ್ತಿಗೆ ಉಣ್ಣೆಯಷ್ಟು ನೆನಪಿನ ಶಕ್ತಿ ಇಲ್ಲ, ಒಗೆದರೆ ಮಡಿಕೆ ಹೋಗುತ್ತದೆ. ಪ್ರತಿ ನೆರಿಗೆಯ ಮಡಿಕೆಯ ಅಂಚಿಗೂ ಉದ್ದಕ್ಕೆ ಒಂದು ಸಣ್ಣ ಹೊಲಿಗೆ ಹಾಕಿ ನೋಡೋಣ ಅಂದುಕೊಂಡಿದ್ದೇನೆ. ದಪ್ಪ ಕೈಮಗ್ಗದ ಬಟ್ಟೆಯಲ್ಲಿ ನೆರಿಗೆ ನಿಲ್ಲಿಸಿದ ಅನುಭವ ಯಾರಿಗಾದರೂ ಇದ್ದರೆ ದಯವಿಟ್ಟು ತಿಳಿಸಿ. ಗಂಜಿ ಹಾಕಿದರೆ ಎಷ್ಟು ದಿನ ತಡೆಯುತ್ತದೆ ಅನ್ನುವುದೂ ಗೊತ್ತಾಗಬೇಕಿದೆ.