ಬೆಳಿಗ್ಗೆ ವಾಕಿಂಗ್ ಹೋಗ್ತೀನಲ್ಲ, ಸಾಕಲ್ವಾ?

"ದಿನಾ ಬೆಳಿಗ್ಗೆ ಫ್ರೀಡಂ ಪಾರ್ಕಲ್ಲಿ ವಾಕಿಂಗ್ ಮಾಡ್ತೀನಿ. ಆಮೇಲೆ ಎಂಟು ಗಂಟೆ ಕೂತು ಕೆಲಸ ಮಾಡಿದ್ರೆ ಏನೂ ಆಗಲ್ಲ ಅಲ್ವಾ? ಸಾಕಲ್ವಾ?" ಬ್ಯಾಂಕಿನವರು, ಕಚೇರಿ ಗುಮಾಸ್ತರು, ತೀರ್ಥಹಳ್ಳಿ ಕಡೆ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವ ಹುಡುಗರು, ಎಲ್ಲರೂ ಕೇಳುವುದು ಇದನ್ನೇ. ಬಾಯಲ್ಲಿ ಹೇಳಿ ಹೇಳಿ ದಣಿವಾಗಿದೆ, ಬರೆದಿಡುತ್ತೇನೆ.

ಸಾಕಾಗಲ್ಲ ಮಾರಾಯ್ರೆ.

ಈ "ಸಾಕಲ್ವಾ" ಅನ್ನುವ ಮಾತೇ ನನಗೆ ಸಿಟ್ಟು ತರಿಸುವುದು. ಬಡಿಸುವವರಿಗೆ ಎಲೆ ಮೇಲೆ ಕೈ ಅಡ್ಡ ಹಿಡಿದು ಹೇಳುವ ಮಾತು ಅದು. ಮೈ ವಿಷಯದಲ್ಲಿ ಅಷ್ಟು ಬೇಗ ಕೈ ಅಡ್ಡ ಹಿಡಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಜೊತೆಗೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ. ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೂರುವವರಿಗೆ ಬೇಗ ಸಾಯುವ ಹೆಚ್ಚುವರಿ ಅಪಾಯ ತೊಡೆದುಹೋಗಲು ದಿನಾ 60ರಿಂದ 75 ನಿಮಿಷದ ಶ್ರಮ ಬೇಕಾಗುತ್ತದೆ ಅಂತ 2016ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಸೇರಿಸಿ ನೋಡಿದ ಅಧ್ಯಯನ ಹೇಳಿತು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ಮೂರು ಸುತ್ತು ಹೊಡೆದು ಕಲ್ಲುಬೆಂಚಿನ ಮೇಲೆ ಅರ್ಧ ಗಂಟೆ ಹರಟೆ ಹೊಡೆಯುವುದು ಮನಸ್ಸಿಗೆ ಒಳ್ಳೆಯದೇ. ಅದನ್ನು ನಡಿಗೆಯ ಲೆಕ್ಕಕ್ಕೆ ಸೇರಿಸಬೇಡಿ.

ಇನ್ನೊಂದು, ಆರು ಗಂಟೆಗೆ ನಡೆದದ್ದು ಮಧ್ಯಾಹ್ನದ ಅನ್ನವನ್ನು ಪೂರ್ತಿ ನೋಡಿಕೊಳ್ಳುವುದಿಲ್ಲ. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯುಗಳು. ಅವು ಆಗ ದುಡಿಯುತ್ತಿದ್ದರೆ ಬೇಗ ಹೀರುತ್ತವೆ. ಮೀನಖಂಡದ ಕೆಲಸವೂ ಹಾಗೆಯೇ: ಅದು ಹಿಂಡಿದಾಗ ಕಾಲಿನ ರಕ್ತ ಮೇಲಕ್ಕೆ ಏರುತ್ತದೆ, ಸುಮ್ಮನಿದ್ದರೆ ಕೆಳಗೇ ನಿಲ್ಲುತ್ತದೆ. ಸಂಜೆ ಸಾಕ್ಸ್ ಬಿಚ್ಚಿದಾಗ ಪಾದದ ಮೇಲೆ ಗೆರೆ ಆಳವಾಗಿ ಕೂತಿರುವುದನ್ನು ನೋಡಿಕೊಂಡಿದ್ದೀರಾ? ಇಡೀ ದಿನ ನಿಂತು ಕೆಲಸ ಮಾಡುವ ಎತ್ತರದ ಮೇಜು ತಂದರೂ ಇದು ಸರಿಹೋಗುವುದಿಲ್ಲ. ಅಲುಗಾಡದೆ ನಿಂತರೂ ಮೀನಖಂಡ ಹಿಂಡುವುದಿಲ್ಲವಲ್ಲ.

ನೀವು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: "ಒಮ್ಮೆಯೂ ಏಳದೆ ನಾನು ಒಂದೇ ಸಮನೆ ಕೂರುವ ಹೊತ್ತು ಎಷ್ಟು?" ಇದನ್ನು ಯಾರೂ ಕೇಳುವುದಿಲ್ಲ. ಅಡಿಕೆ ಸುಲಿಯುವುದೂ ಕೂತು ಮಾಡುವ ಕೆಲಸವೇ, ಸುಗ್ಗಿಯಲ್ಲಿ ರಾತ್ರಿಯವರೆಗೂ ಮೆಟ್ಟುಗತ್ತಿ ಮುಂದೆ ಕೂರುತ್ತಾರೆ, ಸೊಂಟವೂ ನೋಯುತ್ತದೆ. ಆದರೆ ಬುಟ್ಟಿ ತುಂಬಿದರೆ ಏಳಬೇಕು, ಡಬ್ಬಕ್ಕೆ ಅಳೆಯಬೇಕು, ಸಿಪ್ಪೆ ಎತ್ತಿ ಹಾಕಬೇಕು. ಕೆಲಸವೇ ಎಬ್ಬಿಸುತ್ತದೆ. ಕಂಪ್ಯೂಟರ್ ಕೆಲಸ ಯಾರನ್ನೂ ಎಬ್ಬಿಸುವುದಿಲ್ಲ, ಆ ಏರ್ಪಾಡು ನೀವೇ ಮಾಡಿಕೊಳ್ಳಬೇಕು. ಮೇಜಿನ ಮೇಲೆ ಲೀಟರ್ ಬಾಟಲಿ ಬೇಡ, ಲೋಟ ಇಡಿ, ಖಾಲಿಯಾದಾಗಲೆಲ್ಲ ಏಳುತ್ತೀರಿ. ಫೋನ್ ಬಂದರೆ ನಿಂತೇ ಮಾತಾಡಿ. ಅರ್ಧ ಗಂಟೆಗೊಮ್ಮೆ ಎರಡು ಮೂರು ನಿಮಿಷ ಓಡಾಡಿ.

ಆ ಬಿಡುವಿನಲ್ಲಿ ದಿನಕ್ಕೆ ಮೂರು ಸಲ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ಮಾಡಿ. ಚಕ್ರದ ಕುರ್ಚಿ ಬೇಡ, ಹಿಂದಕ್ಕೆ ಜಾರುತ್ತದೆ. ಕಟ್ಟಿಗೆಯ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಅಂಚಿಗೆ ಬಂದು ಪಾದಗಳನ್ನು ಭುಜದಷ್ಟು ಅಗಲಿಸಿ, ಮಂಡಿಗಿಂತ ತುಸು ಹಿಂದಕ್ಕೆ ಎಳೆದುಕೊಳ್ಳಿ, ಮುಂದಕ್ಕೆ ಬಾಗಿ ಏಳಿ. ಕೂರುವಾಗ ಮೂರು ಎಣಿಸುತ್ತಾ ನಿಧಾನ ಇಳಿಯಿರಿ, ಹತ್ತು ಸಲ. ಬಹಳ ಜನ ತಪ್ಪುವುದು ಇಳಿಯುವಾಗ: ದೊಪ್ಪನೆ ಕೂರುತ್ತಾರೆ. ತೊಡೆ ಬಲಗೊಳ್ಳುವುದು ಆ ನಿಧಾನದಲ್ಲೇ, ದೊಪ್ಪನೆ ಕೂತರೆ ಪೆಟ್ಟು ಬೀಳುವುದು ಬೆನ್ನುಮೂಳೆಗೆ. ಮಂಡಿಗಳು ಒಳಕ್ಕೆ ವಾಲಿದರೆ ನಿಲ್ಲಿಸಿ, ಪಾದ ಸರಿಪಡಿಸಿಕೊಂಡು ಮುಂದುವರಿಸಿ. ಮಂಡಿ ನೋವಿದ್ದವರು ಕುರ್ಚಿಯ ಮೇಲೆ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಆಮೇಲೆ ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, 15 ಸಲ. ಅಷ್ಟೇ.

ಮಳೆಗಾಲದ ನೆಪ ನನಗೂ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಸನಗರ, ಆಗುಂಬೆ ಕಡೆ ನಡೆಯಲು ಹೊರಗೆ ಕಾಲಿಡುವುದೇ ಕಷ್ಟ. ಪಾಚಿ ಹಿಡಿದ ಅಂಗಳದಲ್ಲಂತೂ ದಯವಿಟ್ಟು ನಡೆಯಬೇಡಿ, ಜಾರಿ ಬಿದ್ದು ಸೊಂಟ ಮುರಿದರೆ ಚೇತರಿಸಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಜಗಲಿ ಇದೆಯಲ್ಲ! 20 ಅಡಿ ಜಗಲಿಯಲ್ಲಿ ಹೋಗಿ ಬಂದರೆ 12 ಮೀಟರ್, 50 ಸಲ ಹೋಗಿ ಬಂದರೆ 600 ಮೀಟರ್, ಹತ್ತು ನಿಮಿಷವೂ ಹಿಡಿಯುವುದಿಲ್ಲ. ತಿರುಗುವಾಗ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿ. ಇಲ್ಲದಿದ್ದರೆ ತಿರುಚಿದ ಒತ್ತಡವೆಲ್ಲ ಒಂದೇ ಮಂಡಿಗೆ ಬೀಳುತ್ತದೆ.

ನಾಳೆ ಒಂದು ಚೀಟಿ ಇಟ್ಟುಕೊಂಡು ಎದ್ದಾಗಲೆಲ್ಲ ಸಮಯ ಬರೆದುಕೊಳ್ಳಿ. ಹೆಚ್ಚಿನವರಿಗೆ ಉದ್ದದ ಖಾಲಿ ಜಾಗ ಕಾಣುವುದು ಊಟ ಮುಗಿದ ಮೇಲೆ, ಎರಡೂವರೆಯಿಂದ ಸಂಜೆ ಚಹಾದವರೆಗೆ. ಮೊಬೈಲಿನ ಮೊದಲ ಅಲಾರಂ ಮೂರು ಗಂಟೆಗೆ ಇಡಿ.