ಲಿಸ್ಬನ್‌ನಲ್ಲಿ ಕೇಳಿಸಿದ ಚಾವಿ

ಲಿಸ್ಬನ್‌ನಲ್ಲಿ ನಾವು ಉಳಿದದ್ದು ಅಲ್ಫಾಮಾ ಎಂಬ ಹಳೇ ಕೇರಿಯಲ್ಲಿ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಮನೆ ಯಜಮಾನಿ ಒಬ್ಬರು ಅಜ್ಜಿ. ಇಂಗ್ಲಿಷ್ ಅಷ್ಟಕ್ಕಷ್ಟೆ. ಬಾಗಿಲು ತೋರಿಸಿ ಏನೇನೋ ಹೇಳುತ್ತಿದ್ದರು. ಅದರಲ್ಲಿ ಒಂದು ಪದ ಮಾತ್ರ ಕಿವಿಗೆ ಸಿಕ್ಕಿತು: "ಶಾವ್". ಅತ್ತಿಗೆ ನನ್ನ ಮುಖ ನೋಡಿದರು. "ಅವರು ಚಾವಿ ಅಂದದ್ದಲ್ವಾ?"

ಹೌದು, ಚಾವಿಯೇ. ಮಂಗಳೂರಿನಲ್ಲಿ ಹುಟ್ಟಿ ಬೆಳೆದ ನಾವು ದಿನಾ ಬಳಸುವ ಪದ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. ಅವರ ಪದಗಳು ಅಲ್ಲಿಂದ ಕರಾವಳಿ ಹಿಡಿದು ನಮ್ಮ ಮನೆಯೊಳಗೂ ಬಂದು ಕೂತಿವೆ. ಗೊತ್ತಿದ್ದ ವಿಷಯವೇ. ಆದರೆ ಅಲ್ಲಿ ನಿಂತು ಕೇಳಿದಾಗ ಮೈ ಜುಮ್ಮೆಂದಿತು.

ಮೊದಲ ಎರಡು ದಿನ ಎಲ್ಲರೂ ನೋಡುವುದನ್ನೇ ನೋಡಿದೆವು. ಅದು ಬೇಡ. ಮೂರನೇ ದಿನ ಸುಮ್ನೆ ನಡೆಯುತ್ತಾ ಕಾರ್ಮೋ ಎಂಬ ಹಳೇ ಕ್ರೈಸ್ತ ಮಠಕ್ಕೆ ಹೋದೆವು. 1755ರ ನವೆಂಬರ್ 1, ಸಂತರ ಹಬ್ಬದ ಬೆಳಿಗ್ಗೆ. ಜನ ಇಗರ್ಜಿಗಳಲ್ಲಿ ಸೇರಿದ್ದಾಗ ಭೂಮಿ ನಡುಗಿತಂತೆ. (ಇಗರ್ಜಿ ಅಂದರೆ ಚರ್ಚ್. ಅದೂ ಅವರದೇ ಪದ, ಇಗ್ರೇಜಾ.) ಆಮೇಲೆ ಬೆಂಕಿ ಬಿತ್ತು, ನದಿ ಕಡೆಯಿಂದ ಸಮುದ್ರ ನುಗ್ಗಿತು. ಕಾರ್ಮೋದ ಮಾಡು, ಅಂದರೆ ಚಾವಣಿ, ಕುಸಿಯಿತು. ಮತ್ತೆ ಕಟ್ಟಲು ಹೊರಟವರು ಅರ್ಧಕ್ಕೇ ಬಿಟ್ಟರು. ಈಗ ಕಮಾನುಗಳು ಮಾತ್ರ ನಿಂತಿವೆ. ತಿಂದು ಬಿಟ್ಟ ಮೀನಿನ ಮುಳ್ಳಿನ ಹಾಗೆ. ನಡುವೆ ನೀಲಿ ಆಕಾಶ. ಚಿನ್ನದ ಲೇಪ ಹಾಕಿದ ಎಷ್ಟೋ ಇಗರ್ಜಿ ನೋಡಿದ್ದೇನೆ. ನನಗೆ ಇಷ್ಟವಾದದ್ದು ಈ ಮಾಡಿಲ್ಲದ್ದೇ.

ಇಳಿಯುವಾಗ ಹನಿ ಮಳೆ. ಅಲ್ಲಿ ಕಾಲುದಾರಿಗೆ ಬಿಳಿ ಸುಣ್ಣಕಲ್ಲಿನ ಪುಟ್ಟ ತುಂಡು ಹಾಸಿದ್ದಾರೆ. ಚೆಂದವೇನೋ ಹೌದು. ಒದ್ದೆಯಾದರೆ ಮಾತ್ರ ಥೇಟ್ ಪಾಚಿ ಕಟ್ಟಿದ ಅಂಗಳ. ನಾನು ಜಾರಿ ಕೂತೇ ಬಿಟ್ಟೆ. ನೀವು ಹೋದರೆ ಹಿಡಿತ ಇರುವ ಶೂ ಹಾಕಿ.

ಇನ್ನೊಂದು ಸಿಟ್ಟು ಇನ್ನೂ ಹೋಗಿಲ್ಲ. ಊಟಕ್ಕೆ ಕೂತ ಕೂಡಲೇ ಬ್ರೆಡ್ಡು, ಆಲಿವ್, ಚೀಸ್ ತಂದಿಟ್ಟರು. ನಾವು ಉಪಚಾರ ಅಂದುಕೊಂಡು ಖುಷಿಯಲ್ಲಿ ತಿಂದೆವು. ಬಿಲ್ಲಿನಲ್ಲಿ ಒಂದೊಂದಕ್ಕೂ ರೇಟು! ಅದಕ್ಕೆ ಕುವೇರ್ ಅನ್ನುತ್ತಾರೆ. ಬೇಡದಿದ್ದರೆ ಮುಟ್ಟಬೇಡಿ, ವಾಪಸ್ ಕಳಿಸಿ.

ಸಂಜೆ ಮರಳಿದಾಗ ಅಜ್ಜಿ ಮೆಟ್ಟಿಲು ತೊಳೆಯುತ್ತಿದ್ದರು. ಅತ್ತಿಗೆ ನೀರಿನ ಬಕೆಟ್ ತೋರಿಸಿ "ಬಾಲ್ದಿ" ಅಂದರು. ಅಜ್ಜಿ ಕಣ್ಣರಳಿಸಿದರು. "ಬಾಲ್ದ್!" ಮೊಮ್ಮಗಳನ್ನು ಕೂಗಿದರು, ಇಂಗ್ಲಿಷಿಗೆ ತರಲು. ಮೆಟ್ಟಿಲ ಮೇಲೇ ಕೂತೆವು. ಬಟಾಟೆ? ಬಟಾಟಾ. ಅನಾನಸು? ಅನಾನಾಶ್. ಒಂದೊಂದಕ್ಕೂ ಅಜ್ಜಿ ತೊಡೆ ತಟ್ಟಿ ನಗುತ್ತಿದ್ದರು. ನಾನು "ಪಗಾರ" ಅಂದೆ. ತಿಂಗಳ ಕೊನೆಗೆ ಕೈಗೆ ಬರುವ ಸಂಬಳ ಅಂತ ವಿವರಿಸಿದೆ.

ಅಜ್ಜಿ ಒಂದು ಕ್ಷಣ ಸುಮ್ಮನಾದರು. ಮೊಮ್ಮಗಳು ನಗುತ್ತಲೇ ಹೇಳಿದಳು: "ನಮ್ಮಲ್ಲಿ ಪಗಾರ್ ಅಂದ್ರೆ ದುಡ್ಡು ಕೊಡೋದು. ನಿಮ್ಮಲ್ಲಿ ತಗೊಳ್ಳೋದಾ? ಹಾಗಾದ್ರೆ ನಿಮ್ಮ ಭಾಷೆಯೇ ವಾಸಿ ಅಂತಿದ್ದಾರೆ ಅಜ್ಜಿ."

ಅಷ್ಟು ಹೇಳಿಸಿ ಅವರು ಬಾಲ್ದಿ ಎತ್ತಿಕೊಂಡು ಮೇಲಿನ ಮೆಟ್ಟಿಲಿಗೆ ಹೋದರು. ನಮ್ಮನ್ನೂ ಎಬ್ಬಿಸಿದರು, ನಾವು ಕೂತಿದ್ದ ಜಾಗ ಇನ್ನೂ ತೊಳೆದಿರಲಿಲ್ಲ.