ಮೊದಲ ಭಾಗದಲ್ಲೇ ಗಂಟು ಬಿಚ್ಚಿದರೆ, ಎರಡನೇ ಭಾಗದ ನಾಯಕನಿಗೆ ಉಳಿಯುವುದೇನು?

ಆ್ಯನಿಮೇಶನ್ ಸಿನಿಮಾದ ಮೊದಲ ಭಾಗ ಬರೆಯುವವರಿಗೆ ಒಂದು ಅನುಕೂಲವಿದೆ. ನಾಯಕನ ಮನಸ್ಸಿನಲ್ಲಿ ಒಂದು ಗಂಟು ಹಾಕಿ, ಒಂದೂವರೆ ಗಂಟೆಯಲ್ಲಿ ಅದನ್ನು ಬಿಚ್ಚಿದರೆ ಕೆಲಸ ಮುಗಿಯಿತು. 'ಟಾಯ್ ಸ್ಟೋರಿ'ಯ (1995) ಆಟಿಕೆ ಗೊಂಬೆ ವುಡಿಗೆ ಪುಟ್ಟ ಒಡೆಯ ಆ್ಯಂಡಿಯ ಮನಸ್ಸಿನಲ್ಲಿ ತನ್ನ ಜಾಗ ಹೋಗಿಬಿಡುತ್ತದೆಂಬ ಭಯ; ಕೊನೆಗೆ ಆ ಜಾಗವನ್ನು ಹೊಸ ಗೊಂಬೆ ಬಜ್ ಜೊತೆ ಹಂಚಿಕೊಳ್ಳುತ್ತಾನೆ. 'ಫೈಂಡಿಂಗ್ ನೀಮೊ'ದ (2003) ಅಪ್ಪ ಮೀನು ಮಾರ್ಲಿನ್‌ಗೆ ಮಗನನ್ನು ಕಣ್ಣಳತೆ ದಾಟಿಸಲು ಭಯ. ಕೊನೆಗೆ ಮಗ ಬಲೆಯೊಳಕ್ಕೆ ನುಗ್ಗುವುದನ್ನೂ ಒಪ್ಪುತ್ತಾನೆ. ಎರಡನೇ ಭಾಗ ಬರೆಯಲು ಕೂತವರ ಮುಂದಿರುವುದು ಕಾಯಿಲೆ ವಾಸಿಯಾಗಿ ಎದ್ದು ಕೂತ ಪಾತ್ರ. ಅದಕ್ಕೆ ಮತ್ತೆ ಅದೇ ಕಾಯಿಲೆ ತರಿಸಬೇಕೋ, ಹೊಸದೊಂದನ್ನು ಹುಡುಕಬೇಕೋ?

ಮುಂದುವರಿದ ಭಾಗಗಳ ಹಣೆಬರಹ ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ. ಖಳನಾಯಕ ಎಷ್ಟು ದೊಡ್ಡವನು, ಹೊಸ ಲೋಕ ಎಷ್ಟು ಚೆಂದ ಎಂಬುದೆಲ್ಲ ಆಮೇಲಿನ ಮಾತು. ಮೊದಲ ಭಾಗ ಕೊಟ್ಟ ಉತ್ತರದಿಂದಲೇ ಹೊಸ ಪ್ರಶ್ನೆ ಹುಟ್ಟಿಸಿದ ಚಿತ್ರಗಳಲ್ಲಿ ಪಾತ್ರ ಬೆಳೆದಿದೆ. ಉತ್ತರವನ್ನು ಅಳಿಸಿ ಹಳೆಯ ಪ್ರಶ್ನೆಯನ್ನೇ ಮತ್ತೆ ಕೇಳಿದ ಚಿತ್ರಗಳಲ್ಲಿ ಪಾತ್ರ ನಿಂತಲ್ಲೇ ನಿಂತಿದೆ.

ಇದನ್ನು ಪತ್ತೆ ಹಚ್ಚಲು ಸುಲಭದ ದಾರಿಯೊಂದಿದೆ. ಮೊದಲ ಭಾಗದ ಶುರುವಿನಲ್ಲಿ ನಾಯಕ ಜಗತ್ತಿನ ಬಗ್ಗೆ ನಂಬಿದ್ದೇನು, ಕೊನೆಯಲ್ಲಿ ನಂಬಿದ್ದೇನು ಎಂದು ಒಂದೊಂದು ಸಾಲು ಬರೆದಿಟ್ಟುಕೊಳ್ಳಿ. ಎರಡನೇ ಭಾಗದ ಮೊದಲ 15 ನಿಮಿಷ ನೋಡಿ ನಿಲ್ಲಿಸಿ ಮೂರನೇ ಸಾಲು ಬರೆಯಿರಿ. ಈಗಿನ ಈ ನಾಯಕನನ್ನು ಹಳೆಯ ಕಥೆಯ ಸಮಸ್ಯೆಯ ನಡುವೆ ಇಳಿಸಿದರೆ ಹತ್ತೇ ನಿಮಿಷದಲ್ಲಿ ಬಗೆಹರಿಸಿಕೊಂಡು ಬರುತ್ತಾನೆಯೇ? ಬರುತ್ತಾನೆಂದರೆ ಬೆಳವಣಿಗೆಯನ್ನು ಉಳಿಸಿಕೊಂಡಿದ್ದಾರೆ. ಮೊದಲಿನಷ್ಟೇ ಒದ್ದಾಡುತ್ತಾನೆಂದರೆ ಕಲಿತದ್ದನ್ನು ಒರೆಸಿ ಹಾಕಿದ್ದಾರೆ. ಸಂಭಾಷಣೆಯನ್ನು ನಂಬಬೇಡಿ, ನಿರ್ಧಾರಗಳನ್ನು ನೋಡಿ. 'ನಾನೀಗ ಬದಲಾಗಿದ್ದೇನೆ' ಎಂದು ಪಾತ್ರ ಬಾಯಲ್ಲಿ ಹೇಳುವುದಕ್ಕೂ, ಹಿಂದೆ ಮಾಡಲಾಗದ ಆಯ್ಕೆಯನ್ನು ಈಗ ಸಲೀಸಾಗಿ ಮಾಡುವುದಕ್ಕೂ ಅಜಗಜಾಂತರ.

ಈ ಪರೀಕ್ಷೆಯಲ್ಲಿ ಸೊಗಸಾಗಿ ಗೆಲ್ಲುವುದು 'ಟಾಯ್ ಸ್ಟೋರಿ 2' (1999). ನೇರವಾಗಿ ವಿಡಿಯೊಗೆಂದು ಶುರುವಾದ ಈ ಚಿತ್ರವನ್ನು ಚಿತ್ರಮಂದಿರಕ್ಕೆ ತಕ್ಕಂತೆ ಕೊನೆಯ ಕೆಲವು ತಿಂಗಳಲ್ಲಿ ಬಹುಪಾಲು ಹೊಸದಾಗಿ ಕಟ್ಟಲಾಯಿತು. ಅಷ್ಟು ಅವಸರದಲ್ಲಿ ಇಷ್ಟು ಗಟ್ಟಿ ಚಿತ್ರಕಥೆ ಹೇಗೆ ಬಂತೆಂಬುದು ಈಗಲೂ ಅಚ್ಚರಿಯೇ. ಮೊದಲ ಭಾಗದ ಉತ್ತರ: ಆ್ಯಂಡಿಯ ಮನಸ್ಸಿನಲ್ಲಿ ಇಬ್ಬರಿಗೂ ಜಾಗವಿದೆ. ಎರಡನೇ ಭಾಗ ಆ ಉತ್ತರವನ್ನು ಮುಟ್ಟುವುದೇ ಇಲ್ಲ. ಬದಲಿಗೆ ಕೇಳುತ್ತದೆ, ಆ್ಯಂಡಿಯೇ ದೊಡ್ಡವನಾದರೆ? ವುಡಿಯ ತೋಳಿನ ಹೊಲಿಗೆ ಬಿಚ್ಚಿಕೊಳ್ಳುವುದು, ಕ್ಯಾಂಪ್‌ಗೆ ಹೋಗಲಾಗದೆ ಕಪಾಟಿನ ಮೇಲೆ ಉಳಿಯುವುದು ಚಿಕ್ಕ ಘಟನೆಗಳು. ಆದರೆ ಗೊಂಬೆಗೂ ಆಯುಷ್ಯವಿದೆ ಎಂಬ ಅರಿವು ವುಡಿಗೆ ತಟ್ಟುವುದು ಅಲ್ಲಿಂದಲೇ. ಆಮೇಲೆ ಎದುರಾಗುವ ಆಯ್ಕೆ ನಿಜಕ್ಕೂ ಕಷ್ಟದ್ದು: ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಯಾರ ಕೈಗೂ ಸಿಗದೆ ಶಾಶ್ವತವಾಗಿರುವುದೋ, ಒಂದು ದಿನ ಬಿಟ್ಟುಹೋಗುವ ಹುಡುಗನ ಕೈಯಲ್ಲಿ ಸವೆಯುವುದೋ?

ಅದೇ ಚಿತ್ರದಲ್ಲಿ ಬಜ್ ಮೇಲೆ ನಡೆದ ಕೆಲಸ ಇನ್ನೂ ಸೂಕ್ಷ್ಮ. ಆಟಿಕೆ ಅಂಗಡಿಯಲ್ಲಿ ಅವನಿಗೆ ಎದುರಾಗುವುದು ತಾನು ಆಟಿಕೆಯೆಂದೇ ಗೊತ್ತಿಲ್ಲದ ಇನ್ನೊಬ್ಬ ಬಜ್. ನಾಲ್ಕು ವರ್ಷದ ಹಿಂದಿನ ತನ್ನನ್ನೇ ಅವನು ನೋಡುತ್ತಾನೆ, ಎಷ್ಟು ದೂರ ಬಂದಿದ್ದಾನೆಂದು ನಮಗೆ ಒಂದು ಸಾಲಿನ ವಿವರಣೆಯಿಲ್ಲದೆ ತಿಳಿಯುತ್ತದೆ. ಹಳೆಯ ದೋಷವನ್ನು ಅದೇ ಪಾತ್ರಕ್ಕೆ ಮತ್ತೆ ಅಂಟಿಸುವ ಬದಲು ಇನ್ನೊಂದು ದೇಹಕ್ಕೆ ಕೊಡುವುದು ಒಳ್ಳೆಯ ಉಪಾಯ. ನಗುವೂ ಉಳಿಯಿತು, ಬೆಳವಣಿಗೆಯೂ ಉಳಿಯಿತು. ವುಡಿ ಮನೆಗೆ ಬರಲು ಒಲ್ಲೆ ಎಂದಾಗ, ಮೊದಲ ಭಾಗದಲ್ಲಿ ಅವನೇ ಕಲಿಸಿದ ಪಾಠವನ್ನು ಬಜ್ ತಿರುಗಿಸಿ ಹೇಳುತ್ತಾನೆ. ಗುರು ಶಿಷ್ಯರು ಜಾಗ ಬದಲಿಸಿದ ಆ ದೃಶ್ಯ ಮೊದಲ ಭಾಗವಿಲ್ಲದೆ ಸಾಧ್ಯವೇ ಇಲ್ಲ.

'ಹೌ ಟು ಟ್ರೇನ್ ಯುವರ್ ಡ್ರ್ಯಾಗನ್' (2010) ಇನ್ನೂ ಕಠಿಣವಾದ ದಾರಿ ಹಿಡಿಯಿತು. ಎದುರಾಳಿಯನ್ನು ಅರ್ಥಮಾಡಿಕೊಂಡರೆ ಯುದ್ಧ ಬೇಕಿಲ್ಲ ಎಂಬುದು ನಾಯಕ ಹಿಕಪ್ ಕಂಡುಕೊಂಡ ಸತ್ಯ. ಡ್ರ್ಯಾಗನ್‌ಗಳ ವಿಷಯದಲ್ಲಿ, ಅಪ್ಪ ಸ್ಟೋಯಿಕ್ ವಿಷಯದಲ್ಲಿ ಅದು ನಿಜವೂ ಆಯಿತು. 2014ರ ಎರಡನೇ ಭಾಗದಲ್ಲಿ ಐದು ವರ್ಷ ದೊಡ್ಡವನಾದ ಹಿಕಪ್ ಅದೇ ನಂಬಿಕೆ ಹೊತ್ತು ಡ್ರ್ಯಾಗನ್‌ಗಳ ಸೇನೆ ಕಟ್ಟುವ ಡ್ರಾಗೊನ ಮನ ಒಲಿಸಲು ಹೊರಡುತ್ತಾನೆ. ಡ್ರಾಗೊ ಒಲಿಯುವವನಲ್ಲ. ಅವನ ಹತೋಟಿಯ ದೈತ್ಯ ಡ್ರ್ಯಾಗನ್‌ಗೆ ವಶವಾದ ಹಿಕಪ್‌ನ ಗೆಳೆಯ ಡ್ರ್ಯಾಗನ್ ಟೂತ್‌ಲೆಸ್‌ನ ಬೆಂಕಿಗೇ ಅಪ್ಪ ಬಲಿಯಾಗುತ್ತಾನೆ. ಮೊದಲ ಭಾಗ ಯಾವ ಗೆಳೆತನವನ್ನು ಗಳಿಸಿಕೊಟ್ಟಿತ್ತೋ ಅದೇ ಗೆಳೆತನದ ಮೂಲಕ ಬೆಲೆ ವಸೂಲಾಗುತ್ತದೆ. ಹಿಕಪ್‌ನ ನಂಬಿಕೆ ಸುಳ್ಳಾಗಲಿಲ್ಲ, ಅದಕ್ಕೊಂದು ಎಲ್ಲೆ ಸಿಕ್ಕಿತು. ಬೆಳೆಯುವುದೆಂದರೆ ಹೀಗೆಯೇ ಇರಬೇಕು.

ಇಲ್ಲಿ ವಯಸ್ಸನ್ನು ಬಳಸಿಕೊಂಡ ರೀತಿಯನ್ನೂ ಗಮನಿಸಬೇಕು. ಆ್ಯನಿಮೇಶನ್ ಪಾತ್ರಕ್ಕೆ ತಾನಾಗಿ ವಯಸ್ಸಾಗುವುದಿಲ್ಲ. ನಟನ ಮುಖದಲ್ಲಿ ತಾನೇ ಮೂಡುವ ಗೆರೆಯನ್ನು ಇಲ್ಲಿ ಯಾರೋ ಕೂತು ಬಿಡಿಸಬೇಕು. ಆದ್ದರಿಂದ ಎಷ್ಟು ವರ್ಷ ಕಳೆದಿದೆ ಎಂಬುದು ಪೂರ್ತಿ ಕಥೆಗಾರರ ಆಯ್ಕೆ. 'ಇನ್‌ಕ್ರೆಡಿಬಲ್ಸ್ 2' (2018) ಬಂದದ್ದು 14 ವರ್ಷಗಳ ನಂತರ, ಆದರೆ ಕಥೆ ಶುರುವಾಗುವುದು 2004ರ ಚಿತ್ರ ನಿಂತ ಕ್ಷಣದಿಂದಲೇ. ಆ ಆಯ್ಕೆಯ ನಷ್ಟ ತಕ್ಷಣ ಕಾಣುತ್ತದೆ. ಕೂದಲ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದ, ಸೂಪರ್‌ಹೀರೊ ಕುಟುಂಬದ ಮಗಳು ವಯೊಲೆಟ್ ಮೊದಲ ಭಾಗದ ಕೊನೆಯಲ್ಲಿ ತಲೆಯೆತ್ತಿ, ತಾನು ಮೆಚ್ಚಿದ ಹುಡುಗ ಟೋನಿಯ ಜೊತೆ ಮಾತಾಡಿದ್ದಳು. ಎರಡನೇ ಭಾಗದಲ್ಲಿ ಟೋನಿಯ ನೆನಪನ್ನೇ ಅಳಿಸಿಬಿಡುತ್ತಾರೆ, ಅವಳು ಗೆದ್ದದ್ದು ಕಥೆಯ ಖಾತೆಯಿಂದ ಹೊರಟುಹೋಗುತ್ತದೆ. ಅವಳ ಅಪ್ಪ ಬಾಬ್ ಕೂಡ ಹಾಗೆಯೇ. ಕುಟುಂಬದ ಜೊತೆ ಸೇರಿ ಹೋರಾಡುವುದನ್ನು ಕಲಿತವನು, ಸೂಪರ್‌ಹೀರೊ ಕೆಲಸ ಹೆಂಡತಿ ಹೆಲೆನ್‌ಗೆ ಸಿಕ್ಕ ಕೂಡಲೇ ಒಳಗೊಳಗೇ ಕುದಿಯುತ್ತಾನೆ. ಮಕ್ಕಳ ಜೊತೆ ಮನೆಯಲ್ಲಿ ನಿದ್ದೆಗೆಟ್ಟು ಕಲಿಯುವ ಅವನ ದೃಶ್ಯಗಳು ಮಾತ್ರ ನಿಜಕ್ಕೂ ಹೊಸವು, ಅದಕ್ಕೇ ಚಿತ್ರದ ಜೀವವೂ ಅಲ್ಲೇ ಇದೆ. ಹೆಲೆನ್‌ಗೆ ಸಾಹಸಗಳು ಧಾರಾಳವಾಗಿ ಸಿಕ್ಕವು, ಬದಲಾವಣೆ ಅಷ್ಟಾಗಿ ಸಿಗಲಿಲ್ಲ.

ಹೀಗೆ ಅಳಿಸುವ ಆಸೆ ಏಕೆ ಬರುತ್ತದೆ ಎಂಬುದು ಅರ್ಥವಾಗುವಂಥದ್ದೇ. ಜನ ಮೆಚ್ಚಿದ ತಮಾಷೆ ಬಹಳ ಸಲ ಪಾತ್ರದ ದೋಷದಲ್ಲೇ ಇರುತ್ತದೆ. ದೋಷ ಹೋದರೆ ತಮಾಷೆಯೂ ಹೋಗುತ್ತದೆಂಬ ಅಂಜಿಕೆ. ಆದರೆ ಜನ ಮೆಚ್ಚಿದ್ದನ್ನು ಉಳಿಸಿಕೊಂಡೇ ಆಳಕ್ಕೆ ಇಳಿಯಬಹುದು ಎಂಬುದಕ್ಕೆ 'ಪಸ್ ಇನ್ ಬೂಟ್ಸ್: ದಿ ಲಾಸ್ಟ್ ವಿಶ್' (2022) ಸಾಕ್ಷಿ. ಬೂಟು ತೊಟ್ಟ ಬೆಕ್ಕಿನ ಸೊಕ್ಕು, ಸಾವಿಗೂ ಅಂಜದ ಬಡಾಯಿ ಶ್ರೆಕ್ ಚಿತ್ರಗಳ ಕಾಲದಿಂದ ನಗೆಯ ಸರಕಾಗಿತ್ತು. ಬೆಕ್ಕಿಗೆ ಒಂಬತ್ತು ಪ್ರಾಣ. ಎಂಟು ಖರ್ಚಾದವು ಎಂದು ಲೆಕ್ಕ ಹೇಳಿದ ಕ್ಷಣ, ಅದೇ ಬಡಾಯಿ ದೋಷವಾಗಿ ತಿರುಗುತ್ತದೆ. ಸಾವಿನ ರೂಪವಾದ ತೋಳನ ಸಿಳ್ಳೆ ಕೇಳಿದರೆ ಅವನ ಮೈಯ ರೋಮ ನಿಮಿರುತ್ತದೆ. ಕಾಡಿನಲ್ಲಿ ಗಾಬರಿಯಿಂದ ಉಸಿರು ಕಟ್ಟಿದಾಗ ಪುಟ್ಟ ನಾಯಿ ಬಂದು ಅವನ ಹೊಟ್ಟೆಯ ಮೇಲೆ ತಲೆಯಿಟ್ಟು ಸುಮ್ಮನೆ ಮಲಗುತ್ತದೆ. ಮಾತಿಲ್ಲದ ಆ ದೃಶ್ಯದಷ್ಟು ಪಾತ್ರ ಬೆಳವಣಿಗೆ 2011ರ ಮೊದಲ 'ಪಸ್ ಇನ್ ಬೂಟ್ಸ್' ಚಿತ್ರದಲ್ಲಿ ಎಲ್ಲೂ ಇಲ್ಲ.

ಪೋಷಕ ಪಾತ್ರವನ್ನು ನಾಯಕ ಸ್ಥಾನಕ್ಕೆ ತರುವುದು ಇನ್ನೊಂದು ದಾರಿ, ಅಪಾಯದ್ದೂ ಹೌದು. 'ಕಾರ್ಸ್ 2' (2011) ಮೊದಲ ಭಾಗದ ನಾಯಕನ ಗೆಳೆಯ, ಟೋ ಟ್ರಕ್ ಮೇಟರ್‌ನನ್ನು ಮುಂದೆ ತಂದಿತು. ಕೊನೆಗೆ ಬದಲಾದದ್ದು ಅವನಲ್ಲ, ಅವನಿಂದ ಮುಜುಗರಪಟ್ಟ ಗೆಳೆಯ. ನಾಯಕನೇ ಕದಲದ ಕಥೆಯನ್ನು ಅಷ್ಟು ಹೊತ್ತು ಎಳೆಯಲು ಗೂಢಚಾರಿಕೆಯ ಗದ್ದಲ ಬೇಕಾಯಿತು. 'ಫೈಂಡಿಂಗ್ ಡೋರಿ'ಯ (2016) ಮುಂದೆ ಇದಕ್ಕಿಂತ ಕಷ್ಟದ ಲೆಕ್ಕವಿತ್ತು, ಕಲಿತದ್ದನ್ನೆಲ್ಲ ಮರೆಯುವ ಮೀನು ಬೆಳೆಯುವುದು ಹೇಗೆ? ಅವರು ನೆನಪನ್ನು ಅವಳ ತಲೆಯಿಂದ ತೆಗೆದು ಹೊರಗಿನ ವಸ್ತುಗಳಲ್ಲಿಟ್ಟರು. ಅಪ್ಪ ಅಮ್ಮ ಜೋಡಿಸಿದ ಚಿಪ್ಪುಗಳ ಸಾಲು, ಬಾಲ್ಯದ ಒಂದೊಂದು ತುಣುಕು ದೃಶ್ಯ. ಮೊದಲ ಭಾಗದಲ್ಲಿ ನಗಿಸಿದ ಮರೆವು ಇಲ್ಲಿ ಗಾಯ. ಮಾರ್ಲಿನ್ ಸಿಟ್ಟಿನಲ್ಲಿ 'ಹೋಗಿ ಮರೆತುಬಿಡು, ನಿನಗೆ ಚೆನ್ನಾಗಿ ಬರುವುದು ಅದೇ' ಎಂಬರ್ಥದ ಮಾತಾಡಿದಾಗ, ಹಿಂದೆ ನಕ್ಕ ನಮಗೂ ಚುರುಕ್ಕೆನ್ನುತ್ತದೆ. ಆಮೇಲೆ ಅದೇ ಮಾರ್ಲಿನ್ ಪೇಚಿಗೆ ಸಿಕ್ಕಾಗಲೆಲ್ಲ, ಡೋರಿ ಇಲ್ಲಿದ್ದರೆ ಏನು ಮಾಡುತ್ತಿದ್ದಳು ಎಂದು ಯೋಚಿಸಿ ನಡೆಯುತ್ತಾನೆ. ಒಬ್ಬರ ಸ್ವಭಾವ ಇನ್ನೊಬ್ಬರಿಗೆ ದಾರಿಯಾಗುತ್ತದೆ.

ಇನ್ನು ಜನಸಂದಣಿ. ಪ್ರತಿ ಭಾಗಕ್ಕೂ ಹೊಸ ಮುಖಗಳು ಸೇರುತ್ತವೆ, ಹಳಬರನ್ನು ಬಿಡುವಂತಿಲ್ಲ, ಚಿತ್ರದ ಉದ್ದ ಮಾತ್ರ 100 ನಿಮಿಷದ ಆಸುಪಾಸಿನಲ್ಲೇ. 'ಮೊವಾನಾ 2' (2024) ಮೊದಲು ಸರಣಿಯಾಗಿ ಯೋಜಿಸಿದ್ದ ಕಥೆ. ದೋಣಿಯಲ್ಲಿ ಮೊವಾನಾ ಜೊತೆ ಕೂತ ಹೊಸಬರಿಗೆ ತಲಾ ಒಂದೊಂದು ಗುಣ ಸಿಕ್ಕಿದೆ, ಅದನ್ನು ಬೆಳೆಸಲು ಸಮಯ ಸಿಕ್ಕಿಲ್ಲ. 'ಕುಂಗ್ ಫು ಪಾಂಡ 2' (2011) ಈ ಇಕ್ಕಟ್ಟನ್ನು ಜಾಣತನದಿಂದ ದಾಟಿತು: ನಾಯಕ ಪಾಂಡ ಪೋ ಹುಡುಕುವ ತನ್ನ ಹುಟ್ಟಿನ ಗುಟ್ಟು, ಖಳ ಶೆನ್ ಮಾಡಿದ ಪಾಪ ಎರಡೂ ಒಂದೇ ಘಟನೆ. ಎರಡು ಪಾತ್ರಗಳ ಹಿನ್ನೆಲೆಗೆ ಒಂದೇ ನೆನಪು ಸಾಕಾಯಿತು. ಶುರುವಿನಲ್ಲಿ ಗುರು ಶಿಫು ಒಂದು ನೀರ ಹನಿಯನ್ನು ಸಿಡಿಯದಂತೆ ಕೈಮೇಲೆ ಹರಿಸಿ ತೋರಿಸುತ್ತಾನೆ. ಕೊನೆಯಲ್ಲಿ ಪೋ ಅದೇ ಚಲನೆಯಿಂದ ಫಿರಂಗಿ ಗುಂಡುಗಳನ್ನು ಹಿಡಿದು ತಿರುಗಿಸುತ್ತಾನೆ. ಒಳಗಿನ ಶಾಂತಿ ಬಂತೆಂದು ಯಾರೂ ಹೇಳಬೇಕಾಗಿಲ್ಲ, ಕೈ ಹೇಳುತ್ತದೆ. ಆದರೂ ಅವನ ಜೊತೆಗಾರ ಐವರಲ್ಲಿ ಟೈಗ್ರೆಸ್ ಒಬ್ಬಳಿಗೆ ಮಾತ್ರ ಮನಸ್ಸು ಬಿಚ್ಚುವ ಅವಕಾಶ ಸಿಕ್ಕಿತು. ಉಳಿದ ನಾಲ್ವರು ಹೊಡೆದಾಟಕ್ಕೂ ಚಟಾಕಿಗೂ ಸೀಮಿತರಾದರು, 2024ರ ನಾಲ್ಕನೇ ಭಾಗದಲ್ಲಂತೂ ಐವರೂ ಕಥೆಯಿಂದಲೇ ಹೊರಗಿದ್ದಾರೆ.